‘ಚೆನ್ನಾಗಿದೆ ಸರ್’ ಸಾಲದು: ಲೇಖಕರ ಜಾಲತಾಣವನ್ನು ಓದುಗರಿಂದ ತಿದ್ದಿಸಿಕೊಳ್ಳುವ ಬಗೆ

ಕನ್ನಡದ ಲೇಖಕರೊಬ್ಬರು ತಮ್ಮ ಜಾಲತಾಣದ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ‘ನೋಡಿ, ಅಭಿಪ್ರಾಯ ತಿಳಿಸಿ’ ಎಂದರೆ ಏನು ಉತ್ತರ ಬರುತ್ತದೆ ಎಂಬುದು ಮೊದಲೇ ಗೊತ್ತು. ‘ಚೆನ್ನಾಗಿದೆ ಸರ್’, ‘ಅಭಿನಂದನೆಗಳು ಮೇಡಂ’, ಜೊತೆಗೊಂದು ಕೈಮುಗಿದ ಚಿತ್ರ. ಎಷ್ಟೋ ಜನ ಕೊಂಡಿ ಒತ್ತಿಯೇ ಇರುವುದಿಲ್ಲ. ಒತ್ತಿದವರೂ ಪುಸ್ತಕದ ಬೆಲೆ ಸಿಗದೆ ವಾಪಸ್ ಬಂದದ್ದನ್ನು, ಒತ್ತಕ್ಷರದ ಕಾಲು ಕತ್ತರಿಸಿಹೋದದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಮೆಚ್ಚಿನ ಲೇಖಕರ ತಪ್ಪು ಎತ್ತಿ ಆಡುವುದು ನಮ್ಮಲ್ಲಿ ಅಷ್ಟು ಸುಲಭವಲ್ಲ.

ಆದ್ದರಿಂದ ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ‘ನಮ್ಮ ತಾಣ ಹೇಗಿದೆ?’ ಎಂಬ ಪ್ರಶ್ನೆಗೆ ದಾಕ್ಷಿಣ್ಯ ಉತ್ತರ ಕೊಡುತ್ತದೆ. ‘ಈ ಪುಸ್ತಕದ ಬೆಲೆ ಎಷ್ಟು ಅಂತ ಹುಡುಕಿ ಹೇಳಿ’ ಎಂದರೆ ಬೆಲೆ ಬರುತ್ತದೆ, ಇಲ್ಲವೇ ‘ಸಿಗಲಿಲ್ಲ’ ಎಂಬ ಮಾತು ಬರುತ್ತದೆ. ಎರಡೂ ಉಪಯೋಗದ ಉತ್ತರಗಳೇ.

ಇನ್ನೊಂದು ಮಾತು: ಕೇಳುವವರು ಲೇಖಕರೇ ಆಗದಿದ್ದರೆ ಒಳ್ಳೆಯದು. ತಾಣ ನೋಡಿಕೊಳ್ಳುವ ಹುಡುಗ, ಮಗಳು, ಪ್ರಕಾಶನದ ಒಬ್ಬರು, ಯಾರಾದರೂ ಆಗಬಹುದು. ‘ಸರ್‌ಗೆ ಹೇಳಬೇಡಿ, ಆದರೆ...’ ಎಂದು ಶುರುವಾಗುವ ಮಾತಿನಲ್ಲೇ ಬೇಕಾದದ್ದೆಲ್ಲ ಇರುತ್ತದೆ.

ಕೇಳುವ ಮೊದಲು

ಓದುಗರ ಹತ್ತು ನಿಮಿಷ ಅಮೂಲ್ಯ. ನೀವೇ ಕಂಡುಕೊಳ್ಳಬಹುದಾದ ತಪ್ಪಿಗೆ ಅದನ್ನು ಖರ್ಚು ಮಾಡಬೇಡಿ. ಒಂದು ಸಂಜೆ ಕೂತು ಇಷ್ಟನ್ನು ಮುಗಿಸಿ: ತಾಣದ ಪೂರ್ತಿ ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ. ಮುಖ್ಯ ಪುಟಗಳನ್ನು, ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಪ್ರತಿಯೊಂದು ‘ಕೊಳ್ಳಿ’ ಕೊಂಡಿಯನ್ನೂ ಒತ್ತಿ ನೋಡಿ. ಪ್ರತಿಗಳು ಮುಗಿದಿದ್ದರೆ ‘ಸದ್ಯ ಪ್ರತಿಗಳಿಲ್ಲ’ ಎಂದು ಬರೆದು, ಯಾವ ತಿಂಗಳು ನೋಡಿದ್ದು ಎಂದೂ ಸೇರಿಸಿ. ಸಂಪರ್ಕದ ಫಾರ್ಮ್ ಇದ್ದರೆ ಮೂರು ಬೇರೆ ಬೇರೆ ಇಮೇಲ್‌ಗಳಿಂದ ಸಂದೇಶ ಕಳಿಸಿ, ಅದು ನಿಜಕ್ಕೂ ತಲುಪುತ್ತದೆಯೇ, ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆಯೇ ನೋಡಿ. ಎರಡು ವರ್ಷದಿಂದ ಒಂದೂ ಓದುಗರ ಪತ್ರ ಬಂದಿಲ್ಲ ಎಂದು ಕೊರಗುವ ಲೇಖಕರ ಸ್ಪ್ಯಾಮ್ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡುವುದು ವಾಸಿ.

ಡೊಮೇನ್, ಅಂದರೆ ತಾಣದ ವಿಳಾಸ, ಯಾರ ಹೆಸರಿನಲ್ಲಿದೆ ಎಂಬುದನ್ನೂ ಈಗಲೇ ನೋಡಿ. ಎಷ್ಟೋ ತಾಣಗಳು ಹಿಂದೆಂದೋ ಉತ್ಸಾಹದಿಂದ ಮಾಡಿಕೊಟ್ಟ ಸೋದರಳಿಯನ ಅಥವಾ ಹಳೆಯ ಶಿಷ್ಯನ ಇಮೇಲ್ ವಿಳಾಸದ ಮೇಲೆ ನಿಂತಿರುತ್ತವೆ. ನವೀಕರಣದ ನೆನಪೋಲೆ ಆ ವಿಳಾಸಕ್ಕೆ ಹೋಗುತ್ತದೆ, ಆತ ಕೆಲಸ ಬದಲಿಸಿ ಆ ವಿಳಾಸವನ್ನೇ ಬಿಟ್ಟಿರುತ್ತಾನೆ, ಒಂದು ಬೆಳಗ್ಗೆ ತಾಣ ಇರುವುದಿಲ್ಲ. ಖಾತೆಯನ್ನು ಲೇಖಕರ ಹೆಸರಿಗೆ ತಂದು, ಮನೆಯ ಇನ್ನೊಬ್ಬರ ಇಮೇಲನ್ನೂ ಸೇರಿಸಿ. ಓದುಗರು ತಿಂಗಳುಗಟ್ಟಲೆ ತಿದ್ದಿಕೊಟ್ಟದ್ದು ಒಂದು ವರ್ಷದ ಬಾಡಿಗೆ ಕಟ್ಟದ್ದಕ್ಕೆ ಹೋಗಬಾರದು.

ಯಾರನ್ನು, ಎಷ್ಟು ಜನರನ್ನು

ಎರಡು ಗುಂಪು ಬೇಕು. ಮೊದಲನೆಯದು ಐದು ಜನರದ್ದು. ಇವರು ತಾಣ ಬಳಸುವಾಗ ನೀವು ಪಕ್ಕದಲ್ಲಿ ಕೂತು ನೋಡಬೇಕು. ಬಳಕೆಯ ಪರೀಕ್ಷೆಗೆ ಐವರು ಸಾಕು ಎಂಬ ಲೆಕ್ಕವನ್ನು ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲಿ ಮುಂದಿಟ್ಟರು. ಅವರ ಅಂದಾಜಿನಲ್ಲಿ ಐವರಿಂದ ಸುಮಾರು ಶೇ 85ರಷ್ಟು ತೊಡಕು ಹೊರಬೀಳುತ್ತದೆ. ಆರನೆಯವರಿಂದ ಮುಂದೆ ನೋಡಿದ್ದನ್ನೇ ನೋಡುತ್ತೀರಿ. ಆ ಸಂಖ್ಯೆ ಎಲ್ಲ ತಾಣಕ್ಕೂ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಹದಿನೈದು ಜನರನ್ನು ಒಂದೇ ಸಲ ಕೂರಿಸುವುದಕ್ಕಿಂತ ಐವರನ್ನು ಕೂರಿಸಿ, ತಿದ್ದಿ, ಮತ್ತೆ ಬೇರೆ ಐವರನ್ನು ಕೂರಿಸುವುದು ಮೇಲು ಎಂಬ ಮಾತು ನಿಜ.

ಆ ಐವರು ಒಂದೇ ಬಗೆಯವರಾಗಬಾರದು. ಅಕ್ಷರ ದೊಡ್ಡದು ಮಾಡಿಕೊಂಡು ಫೋನ್ ಬಳಸುವ ಅರವತ್ತು ದಾಟಿದ ಒಬ್ಬರು, ಒಬ್ಬ ಕಾಲೇಜು ವಿದ್ಯಾರ್ಥಿ, ಒಬ್ಬ ಕನ್ನಡ ಮೇಷ್ಟ್ರು ಅಥವಾ ಗ್ರಂಥಪಾಲಕರು, ಹೊರನಾಡಿನಲ್ಲೋ ಹೊರದೇಶದಲ್ಲೋ ಇರುವ ಒಬ್ಬರು, ಮತ್ತು ಲೇಖಕರ ಹೆಸರನ್ನೇ ಕೇಳಿರದ ಒಬ್ಬರು. ಕೊನೆಯವರನ್ನು ಬಿಡಬೇಡಿ. ಅಭಿಮಾನಿಗೆ ಮೂರನೇ ಸಂಕಲನದ ಹೆಸರು ಗೊತ್ತಿರುವುದರಿಂದ ಪಟ್ಟಿಯಲ್ಲಿ ಎಲ್ಲಿದ್ದರೂ ಹೆಕ್ಕುತ್ತಾನೆ. ಹೊಸಬರಿಗೆ ‘ಕೃತಿಗಳು’ ಎಂಬ ಪಟ್ಟಿಯಲ್ಲಿ ಯಾವುದು ಕಾದಂಬರಿ, ಯಾವುದು ಕವನ ಎಂಬುದೇ ತಿಳಿಯುವುದಿಲ್ಲ.

ಎರಡನೆಯದು ಇಪ್ಪತ್ತು ಮೂವತ್ತು ಜನರ ದೊಡ್ಡ ಗುಂಪು. ಇವರಿಂದ ಬೇಕಾದದ್ದು ಸ್ಕ್ರೀನ್‌ಶಾಟ್ ಅಷ್ಟೆ. ಕನ್ನಡದ ತಾಣಕ್ಕೆ ಇದು ಇಂಗ್ಲಿಷ್ ತಾಣಕ್ಕಿಂತ ಹೆಚ್ಚು ಅಗತ್ಯ. ಕಾರಣ ಮುಂದೆ ಬರುತ್ತದೆ.

ಕೇಳುವ ಮಾತು

ಸಂದೇಶದಲ್ಲಿ ನಾಲ್ಕು ಸಂಗತಿ ಸ್ಪಷ್ಟವಾಗಿರಲಿ: ಎಷ್ಟು ಹೊತ್ತು ಬೇಕು, ಏನು ಮಾಡಬೇಕು, ಏನು ಕಳಿಸಬೇಕು, ಯಾವತ್ತಿನೊಳಗೆ. ಮಾದರಿ ಹೀಗಿರಬಹುದು:

‘ನಮಸ್ಕಾರ. ಲೇಖಕರ ಜಾಲತಾಣ ತಿದ್ದುತ್ತಿದ್ದೇವೆ, ನಿಮ್ಮ ಹತ್ತು ನಿಮಿಷ ಬೇಕು. ಕೆಳಗಿನ ಕೊಂಡಿ ಒತ್ತಿ, ಅವರ ಹೊಸ ಕಥಾಸಂಕಲನದ ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂದು ಹುಡುಕಿ. ಸಿಕ್ಕರೆ ಬೆಲೆ ಬರೆದು ಕಳಿಸಿ. ಎರಡು ನಿಮಿಷದಲ್ಲಿ ಸಿಗದಿದ್ದರೆ ಅಲ್ಲಿಗೇ ಬಿಟ್ಟು, ಆಗ ಪರದೆ ಹೇಗಿತ್ತೋ ಅದರ ಸ್ಕ್ರೀನ್‌ಶಾಟ್ ಕಳಿಸಿ. ಸಿಗದಿದ್ದರೆ ತಪ್ಪು ತಾಣದ್ದು, ನಿಮ್ಮದಲ್ಲ. ಭಾನುವಾರ ರಾತ್ರಿಯೊಳಗೆ ಕಳಿಸಿದರೆ ಸಾಕು.’

‘ತಪ್ಪು ತಾಣದ್ದು, ನಿಮ್ಮದಲ್ಲ’ ಎಂಬ ವಾಕ್ಯವನ್ನು ತೆಗೆಯಬೇಡಿ. ವಯಸ್ಸಾದವರು ‘ನನಗೆ ಇದೆಲ್ಲ ಬರಲ್ಲಪ್ಪ’ ಎಂದು ಸುಮ್ಮನಾಗುವುದನ್ನು ತಪ್ಪಿಸುವುದು ಅದೇ ವಾಕ್ಯ.

ಒಬ್ಬರಿಗೆ ಒಂದು ಸಲಕ್ಕೆ ಒಂದೇ ಕೆಲಸ. ಹದಿನೈದು ಪ್ರಶ್ನೆಯ ಗೂಗಲ್ ಫಾರ್ಮ್ ಕಳಿಸಿದರೆ ನಾಲ್ಕನೆಯದಕ್ಕೆ ಬಿಟ್ಟು ಹೋಗುತ್ತಾರೆ. ಫಾರ್ಮ್ ಬೇಕೇ ಬೇಕಿದ್ದರೆ ಒಂದು ಎಚ್ಚರ: ಅದರಲ್ಲಿ ಫೈಲ್ ಸೇರಿಸುವ ಪ್ರಶ್ನೆ ಇಟ್ಟರೆ ಉತ್ತರಿಸುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಸ್ಕ್ರೀನ್‌ಶಾಟ್ ಕೇಳಿದ ಕಡೆಯೇ ಜನ ನಿಂತುಬಿಡುವುದು ಹೀಗೆ. ಮಾತಿನ ಉತ್ತರಕ್ಕೆ ಫಾರ್ಮ್, ಚಿತ್ರಕ್ಕೆ ವಾಟ್ಸ್‌ಆ್ಯಪ್ ಅಥವಾ ಇಮೇಲ್ ಎಂದು ಬೇರ್ಪಡಿಸಿ.

ಕೇಳದೆ ಎಲ್ಲರನ್ನೂ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಎಳೆಯಬೇಡಿ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದು ಒಂದು, ಮೊದಲನೆಯವರು ‘ಸೊಗಸಾಗಿದೆ’ ಎಂದರೆ ಉಳಿದ ಇಪ್ಪತ್ತೊಂಬತ್ತು ಜನರೂ ಅದನ್ನೇ ಹೇಳುತ್ತಾರೆ ಎಂಬುದು ಇನ್ನೊಂದು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಉತ್ತರ ಬರಲಿಲ್ಲವೆಂದು ಬೇಸರ ಪಡುವ ಮೊದಲು ಅದನ್ನು ನೆನೆಯಿರಿ.

ಕೊಡಬೇಕಾದ ಕೆಲಸಗಳು

ಲೇಖಕರ ತಾಣಕ್ಕೆ ಜನ ನಿಜವಾಗಿ ಯಾಕೆ ಬರುತ್ತಾರೆ ಎಂಬುದರಿಂದ ಕೆಲಸಗಳನ್ನು ಹುಟ್ಟಿಸಿ. ಪುಸ್ತಕ ಕೊಳ್ಳಲು ಬರುತ್ತಾರೆ ಎಂಬುದು ಲೇಖಕರ ಆಸೆ. ವಾಸ್ತವದಲ್ಲಿ ಬರುವವರಲ್ಲಿ ಸಂಘಟಕರು, ಮೇಷ್ಟ್ರುಗಳು, ವಿದ್ಯಾರ್ಥಿಗಳೂ ಇರುತ್ತಾರೆ. ಊರಿನ ಕನ್ನಡ ಸಂಘದವರಿಗೆ ಆಹ್ವಾನ ಪತ್ರಿಕೆಗೆ ಒಂದು ಒಳ್ಳೆಯ ಭಾವಚಿತ್ರ ಮತ್ತು ನಿರೂಪಕರು ಓದಲು ನೂರು ಪದದ ಪರಿಚಯ ಬೇಕು. ಮೇಷ್ಟ್ರಿಗೆ ಪಾಠಪುಸ್ತಕದ ‘ಕೃತಿಕಾರರ ಪರಿಚಯ’ದ ಕ್ರಮದಲ್ಲಿ ಹುಟ್ಟಿದ ವರ್ಷ, ಊರು, ಮುಖ್ಯ ಕೃತಿಗಳು, ಪ್ರಶಸ್ತಿಗಳು ಬೇಕು. ಲೇಖಕರ ತಾಣದಲ್ಲೋ, ಬಾಲ್ಯದಿಂದ ಶುರುವಾಗಿ ಮೂರು ಸಾವಿರ ಪದ ಹರಿದು ಹುಟ್ಟಿದ ವರ್ಷವೇ ಇರದ ಆತ್ಮಕಥನ ಇರುತ್ತದೆ.

ಹಾಗಾಗಿ ಕೆಲಸಗಳು ಇಂಥವಿರಲಿ. ತಾಣದ ವಿಳಾಸ ಕೊಡದೆ, ಗೂಗಲ್‌ನಲ್ಲಿ ಲೇಖಕರ ಹೆಸರು ಹಾಕಿ ತಾಣ ತಲುಪಲು ಹೇಳಿ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಲಿ. ಸಂಘದ ಕಾರ್ಯದರ್ಶಿಯೆಂದು ಭಾವಿಸಿಕೊಂಡು ಭಾವಚಿತ್ರವನ್ನೂ ಪರಿಚಯವನ್ನೂ ಇಳಿಸಿಕೊಳ್ಳಲಿ. ಒಂದು ಕಥೆಯ ಹೆಸರು ಹೇಳಿ, ತಾಣದ ಹುಡುಕು ಪೆಟ್ಟಿಗೆಯಲ್ಲಿ ಅದನ್ನು ಹುಡುಕಲಿ. ಒಂದು ಲೇಖನವನ್ನು ಓದಲು ಶುರುಮಾಡಿ, ಎಲ್ಲಿ ನಿಲ್ಲಿಸಬೇಕೆನಿಸಿತೋ ಅಲ್ಲಿಯ ಸ್ಕ್ರೀನ್‌ಶಾಟ್ ಕಳಿಸಲಿ. ಒಂದು ಪುಟದ ಕೊಂಡಿಯನ್ನು ಸ್ನೇಹಿತರಿಗೆ ಕಳಿಸಿ, ಅದು ಅವರ ಫೋನಿನಲ್ಲಿ ಹೇಗೆ ಕಂಡಿತು ಎಂದು ತೋರಿಸಲಿ.

ಪಕ್ಕದಲ್ಲಿ ಕೂರುವ ಐವರ ಜೊತೆ ಪಾಲಿಸಬೇಕಾದ ನಿಯಮ ಒಂದೇ, ಅದು ಕಷ್ಟದ್ದು: ಬಾಯಿ ಮುಚ್ಚಿಕೊಂಡಿರಬೇಕು. ‘ಮೇಲೆ ಮೂರು ಗೆರೆ ಇದೆಯಲ್ಲ, ಅದನ್ನು ಒತ್ತಿ’ ಎಂದ ಕ್ಷಣವೇ ಪರೀಕ್ಷೆ ಮುಗಿಯಿತು. ಆ ಮೂರು ಗೆರೆ ಮೆನು ಎಂಬುದು ಅವರಿಗೆ ಹೊಳೆಯುತ್ತದೆಯೋ ಇಲ್ಲವೋ ಎಂಬುದೇ ನೀವು ತಿಳಿಯಬೇಕಿದ್ದದ್ದು. ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಹೋಗಿ ಎಂದು ಮೊದಲೇ ಕೇಳಿಕೊಳ್ಳಿ. ಅವರು ‘ಇಲ್ಲಿ ಒತ್ತಲಾ?’ ಎಂದರೆ ‘ನಾನು ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ತಿರುಗಿ ಕೇಳಿ. ಬೆರಳು ಎಲ್ಲಿ ತಡೆಯಿತು, ಎಷ್ಟು ಸಲ ಹಿಂದಕ್ಕೆ ಹೋದರು ಎಂಬುದನ್ನು ಬರೆದುಕೊಳ್ಳಿ. ದೂರದಲ್ಲಿರುವವರಿಗೆ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಪರದೆ ಹಂಚಿಕೊಳ್ಳುವ ಸೌಲಭ್ಯವಿದೆ. ಶುರುಮಾಡುವ ಮೊದಲು ಉಳಿದ ಆ್ಯಪ್‌ಗಳನ್ನು ಮುಚ್ಚಲು, ಬರುವ ಸಂದೇಶಗಳ ಸೂಚನೆಯನ್ನು ನಿಲ್ಲಿಸಲು ಹೇಳಿ. ಅವರ ಬ್ಯಾಂಕಿನ ಓಟಿಪಿ ನಿಮಗೆ ಕಾಣುವುದು ಬೇಡ.

ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಮಾಡಿಸಬೇಡಿ. ಮೊಬೈಲ್ ಡೇಟಾದಲ್ಲಿ, ಸಾಧ್ಯವಾದರೆ ಮಲೆನಾಡಿನ ಒಂದೇ ಗೆರೆ ಸಿಗ್ನಲ್‌ನಲ್ಲಿ, ತೆರೆಸಿ. ಬಿಡುಗಡೆ ಸಮಾರಂಭದ ಫೋಟೊಗಳನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ನಾಲ್ಕೈದು ಎಂಬಿ ಗಾತ್ರದಲ್ಲಿ ಏರಿಸಿದ್ದರೆ ಬಣ್ಣ ಆಗ ಬಯಲಾಗುತ್ತದೆ. ಅಗಲ 1600 ಪಿಕ್ಸೆಲ್, ತೂಕ 300 ಕೆಬಿಯೊಳಗೆ ಇಳಿಸಿದರೆ ಫೋನಿನ ಪರದೆಯ ಮೇಲೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಕನ್ನಡದ್ದೇ ತೊಡಕುಗಳು

ನಿಮ್ಮ ಪರದೆಯಲ್ಲಿ ಕಾಣುವ ಕನ್ನಡ ಇನ್ನೊಬ್ಬರ ಪರದೆಯಲ್ಲೂ ಹಾಗೆಯೇ ಕಾಣಬೇಕೆಂದಿಲ್ಲ. ತಾಣವೇ ಫಾಂಟ್ ಕಳಿಸದಿದ್ದರೆ ಓದುಗರ ಸಾಧನದಲ್ಲಿರುವ ಫಾಂಟು ಬರುತ್ತದೆ: ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ, ಆಪಲ್‌ನಲ್ಲಿ ಕನ್ನಡ ಸಂಗಮ್. ಒಂದೇ ಅಳತೆ ಕೊಟ್ಟರೂ ಇವುಗಳಲ್ಲಿ ಅಕ್ಷರದ ಗಾತ್ರ, ಒತ್ತಕ್ಷರದ ಇಳಿತ ಬೇರೆ ಬೇರೆ. ಸ್ಕ್ರೀನ್‌ಶಾಟ್ ಕಳಿಸುವಾಗ ಫೋನಿನ ಮಾದರಿ, ಬ್ರೌಸರ್ ಯಾವುದು, ಅಕ್ಷರದ ಗಾತ್ರ ಹೆಚ್ಚಿಸಿಕೊಂಡಿದ್ದಾರೆಯೇ ಎಂಬ ಮೂರನ್ನೂ ಬರೆಯಲು ಹೇಳುವುದು ಇದಕ್ಕೇ.

ಬಂದ ಚಿತ್ರಗಳಲ್ಲಿ ಮೊದಲು ಸಾಲುಗಳ ನಡುವಿನ ಜಾಗ ನೋಡಿ. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ಸಾಲಿನ ಎತ್ತರ ಅಕ್ಷರದ ಒಂದೂಕಾಲು ಪಟ್ಟು ಇರುವುದುಂಟು. ‘ಸ್ತ್ರೀ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಇಂಥ ಪದಗಳ ಕಾಲು ಆಗ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಶೀರ್ಷಿಕೆಯ ಪೆಟ್ಟಿಗೆಯಲ್ಲಾದರೆ ಕತ್ತರಿಸಿಯೇ ಹೋಗುತ್ತದೆ. ಅಕ್ಷರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು ಇಟ್ಟು ಶುರುಮಾಡಿ, ಹಿರಿಯರ ಫೋನಿನಲ್ಲಿ ನೋಡಿ ಹೆಚ್ಚಿಸಿ. ಅಕ್ಷರಗಳ ನಡುವೆ ಜಾಗ ಬಿಡುವ ಅಲಂಕಾರ ಕನ್ನಡಕ್ಕೆ ಬೇಡ. ಎರಡೂ ಅಂಚು ಸಮ ಮಾಡುವುದೂ ಬೇಡ. ನಮ್ಮ ಪದಗಳು ಉದ್ದ, ಫೋನಿನ ಪರದೆ ಕಿರಿದು. ಸಾಲಿಗೆ ಮೂರು ಪದ ಕೂತು ನಡುವೆ ಗದ್ದೆಯ ಕಾಲುವೆಯಷ್ಟು ಜಾಗ ಬೀಳುತ್ತದೆ. ಮೊದಲಕ್ಷರ ದೊಡ್ಡದು ಮಾಡುವ ಪತ್ರಿಕೆಯ ಶೈಲಿಯನ್ನು ಕಂಪ್ಯೂಟರಿಗೆ ಬಿಟ್ಟರೆ ‘ಸ್ತ್ರೀ’ಯನ್ನು ಒಡೆದು ‘ಸ್’ ಒಂದನ್ನೇ ದೊಡ್ಡದು ಮಾಡಿ ಕೂರಿಸಬಹುದು.

ಲೇಖನದ ಮೊದಲ ಸಾಲುಗಳನ್ನು ಇಷ್ಟು ಅಕ್ಷರಕ್ಕೆ ಕತ್ತರಿಸಿ ತೋರಿಸುವ ಕಡೆಯೂ ಇದೇ ಕಥೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯನ್ನು ಜಾಲತಾಣಗಳು ಸಾಮಾನ್ಯವಾಗಿ ಯುಟಿಎಫ್-8 ರೂಪದಲ್ಲಿ ಬಳಸುತ್ತವೆ, ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಬೈಟ್ ಎಣಿಸಿ ಕತ್ತರಿಸುವ ತಾಣದಲ್ಲಿ ಕೊನೆಯ ಅಕ್ಷರ ಒಡೆದು, ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಪದದ ಅಂಚಿಗೆ ಕತ್ತರಿಸುವಂತೆ ತಾಣ ಮಾಡಿದವರಿಗೆ ಹೇಳಿ.

ಕೊಂಡಿಯ ವಿಳಾಸವನ್ನು ಕನ್ನಡದಲ್ಲೇ ಇಟ್ಟಿದ್ದರೆ, ಅದನ್ನು ಹಂಚುವಾಗ ಪ್ರತಿ ಸಂಕೇತವೂ ಶೇಕಡಾ ಚಿಹ್ನೆಗಳ ಒಂಬತ್ತು ಅಕ್ಷರವಾಗಬಹುದು. ‘ಕನ್ನಡ’ ಎಂಬ ಒಂದು ಪದವೇ, ಐದು ಸಂಕೇತದ್ದಾದ್ದರಿಂದ (ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ), 45 ಅಕ್ಷರಕ್ಕೆ ಬೆಳೆಯುತ್ತದೆ. ಓದುಗರು ಅದನ್ನು ವೈರಸ್ ಕೊಂಡಿಯೆಂದು ತಿಳಿದು ಒತ್ತುವುದಿಲ್ಲ. ಅಭಿಮಾನ ಬದಿಗಿಟ್ಟು, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇರಲಿ. ಆದರೆ ಹಳೆಯ ವಿಳಾಸ ಬದಲಿಸಿದರೆ ಅದರಿಂದ ಹೊಸದಕ್ಕೆ ದಾರಿ ಹಾಕಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಇಷ್ಟು ವರ್ಷ ಜನ ಹಂಚಿದ ಕೊಂಡಿಗಳೆಲ್ಲ ಸತ್ತುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ತೊಡಕು ಸಿಗುವುದು ಹುಡುಕು ಪೆಟ್ಟಿಗೆಯಲ್ಲಿ. ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಂಪ್ಯೂಟರಿಗೆ ಎರಡು. ಹಳೆಯ ಬರಹಗಳಲ್ಲಿ ‘ಬೆಂಗಳೂರು’ ಪದದ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿರುತ್ತದೆ: ‘ಬೆ೦ಗಳೂರು’. ಓದುವುದಕ್ಕೆ ಏನೂ ವ್ಯತ್ಯಾಸವಿಲ್ಲ, ಹುಡುಕಿದರೆ ಸಿಗುವುದಿಲ್ಲ. ‘ರಾಜ್‌ಕುಮಾರ್’ ಎಂದು ನಡುವೆ ಕಾಣದ ಸಂಕೇತವಿಟ್ಟು ಬರೆದದ್ದು ‘ರಾಜ್ಕುಮಾರ್’ ಎಂದು ಹುಡುಕಿದವರಿಗೆ ಸಿಗುವುದಿಲ್ಲ. ‘ರ‍್ಯಾಂಕ್’ ಕೂಡ ಹಾಗೆಯೇ. ‘ೊ’, ‘ೋ’ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಓದುಗರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಹತ್ತು ಪದಗಳನ್ನು ಕೊಟ್ಟು, ತಮ್ಮ ಕೀಲಿಮಣೆಯಲ್ಲಿ ತಾವು ಬರೆಯುವ ಹಾಗೆಯೇ ಬರೆದು ಹುಡುಕಲು ಹೇಳಿ. ಯಾವುದು ಸಿಗಲಿಲ್ಲವೋ ಅದನ್ನು ಬೆರಳಚ್ಚಿಸಿ ಕಳಿಸಲಿ. ಇಲ್ಲಿ ಮಾತ್ರ ಸ್ಕ್ರೀನ್‌ಶಾಟ್ ಸಾಲದು, ಅವರು ಬೆರಳಚ್ಚಿಸಿದ ಪಠ್ಯವೇ ಬೇಕು. ಒಳಗಿನ ಸಂಕೇತ ಚಿತ್ರದಲ್ಲಿ ಕಾಣುವುದಿಲ್ಲ.

ಕಣ್ಣು ಕಾಣದ ಓದುಗರು ನಿಮ್ಮ ಪರಿಚಯದಲ್ಲಿದ್ದರೆ ಅವರ ನೆರವು ಕೇಳಿ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕನ್ನಡವನ್ನು ಓದಿ ಹೇಳುತ್ತದೆ, ಪಠ್ಯ ಯೂನಿಕೋಡ್‌ನಲ್ಲಿದ್ದರೆ. ಕವನವನ್ನು ಹೂವಿನ ಹಿನ್ನೆಲೆಯ ಮೇಲೆ ಬರೆದ ಚಿತ್ರ, ಪತ್ರಿಕೆಯ ವಿಮರ್ಶೆಯ ಸ್ಕ್ಯಾನ್, ಇವೆರಡೂ ಅವರ ಪಾಲಿಗೆ ಖಾಲಿ ಜಾಗ. ಪಠ್ಯವನ್ನು ಚಿತ್ರದ ಕೆಳಗೆ ಬರೆದು ಹಾಕಿದರೆ ಅವರಿಗೂ ಆಯಿತು, ಗೂಗಲ್‌ಗೂ ಆಯಿತು.

ನುಡಿಯಿಂದ ಬಂದ ಪಠ್ಯ, ಕರಡು ತಿದ್ದುವ ಓದುಗರು

ಲೇಖಕರ ಹಳೆಯ ಬರಹಗಳು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಕಡತಗಳಿಂದ ಯೂನಿಕೋಡ್‌ಗೆ ಬದಲಾಗಿ ಬಂದಿದ್ದರೆ ಅದರಲ್ಲಿ ತಪ್ಪು ಇದ್ದೇ ಇರುತ್ತದೆ. ಆ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಪರಿವರ್ತಕ ಎಡವಿದ ಕಡೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’, ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದು ಅರ್ಥವಿಲ್ಲದ ಕನ್ನಡವಾಗಿರುತ್ತದೆ. ಉದ್ಧರಣ ಚಿಹ್ನೆಗಳು ತಿರುಗುಮುರುಗಾಗುತ್ತವೆ. ‘ಯರ್’, ‘ನಾರ್’, ‘ಮರ್’ ಎಂದು ಮೊದಲು ನೀವೇ ಹುಡುಕಿ ದೊಡ್ಡ ಕಸವನ್ನು ತೆಗೆಯಿರಿ. ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ. ‘ಇಂಜಿನಿಯರ್’ ಕೂಡ ‘ಯರ್’ನಲ್ಲೇ ಮುಗಿಯುತ್ತದೆ.

ಉಳಿದದ್ದು ಓದುಗರ ಕಣ್ಣಿಗೆ. ಒಬ್ಬರಿಗೆ ಒಂದು ಸಲಕ್ಕೆ 1500 ಪದ ಮೀರದಿರಲಿ, ಒಂದೇ ಬರಹ ಇಬ್ಬರಿಗೆ ಹೋಗಲಿ. ಸಾಧ್ಯವಿದ್ದರೆ ಮುದ್ರಿತ ಪುಸ್ತಕದ ಆ ಪುಟಗಳ ಫೋಟೊವನ್ನೂ ಕೊಡಿ. ಮೂಲವಿಲ್ಲದೆ ತಿದ್ದುವವರು ಊಹಿಸಿ ತಿದ್ದುತ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ: ಓದುಗರಲ್ಲಿ ಒಬ್ಬರಾದರೂ ಶುದ್ಧ ಕನ್ನಡದ ಮೇಷ್ಟ್ರು ಇರುತ್ತಾರೆ. ಧಾರವಾಡದ ಪಾತ್ರ ‘ಹೋಗ್ಯಾನ’ ಎಂದದ್ದನ್ನು ‘ಹೋಗಿದ್ದಾನೆ’ ಮಾಡಿ, ಹಳೆಯ ಮೈಸೂರಿನ ಅಜ್ಜಿಯ ‘ಅದ್ಯಾಕ್ಲಾ’ವನ್ನು ‘ಅದು ಏಕೆ’ ಮಾಡಿ, ತಾವು ಉಪಕಾರ ಮಾಡಿದೆವೆಂದು ಸಂತೋಷ ಪಡುತ್ತಾರೆ. ಕೆಲಸ ಕೊಡುವಾಗಲೇ ಅರ್ಧ ಪುಟದ ನಿಯಮ ಬರೆದು ಕೊಡಿ: ಮಾತಿನ ಭಾಗ ಮುಟ್ಟುವಂತಿಲ್ಲ, ಲೇಖಕರು ಕಾಫಿ ಎಂದು ಬರೆಯುತ್ತಾರೋ ಕಾಪಿ ಎಂದೋ, ಅದು ಹಾಗೇ ಇರಲಿ, ಪಠ್ಯದೊಳಗೆ ಕೈ ಹಾಕದೆ ತಪ್ಪು, ಸರಿ ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಗೂಗಲ್ ಡಾಕ್ಸ್‌ನಲ್ಲಿ ಹಂಚುವುದಾದರೆ ‘ಸಲಹೆ’ಯ ಅನುಮತಿ ಮಾತ್ರ ಕೊಡಿ, ತಿದ್ದುವ ಅನುಮತಿ ಬೇಡ. ಕೊನೆಯ ಮಾತು ಲೇಖಕರದ್ದು.

ತಾಣದ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಎಷ್ಟೇ ಆಪ್ತರಾದರೂ. ವರ್ಡ್‌ಪ್ರೆಸ್ ತಾಣವಾದರೆ ಸಹಾಯಕರಿಗೆ ಪ್ರತ್ಯೇಕ ಖಾತೆ ಮಾಡಿಕೊಡಿ. ಕಾಂಟ್ರಿಬ್ಯೂಟರ್ ಎಂಬ ದರ್ಜೆಯವರು ಹೊಸದನ್ನು ಬರೆದಿಡಬಹುದು, ಪ್ರಕಟಿಸಲಾರರು, ಚಿತ್ರ ಏರಿಸಲಾರರು. ಈಗಾಗಲೇ ಪ್ರಕಟವಾದ ಬರಹ ತಿದ್ದಲು ಎಡಿಟರ್ ದರ್ಜೆ ಬೇಕು. ಅದನ್ನು ಒಬ್ಬರಿಗೆ ಮಾತ್ರ, ಕೆಲಸ ಮುಗಿಯುವ ತನಕ ಮಾತ್ರ ಕೊಡಿ.

ಹಳೆಯ ಮುಖಪುಟ, ಫೋಟೊ, ಪತ್ರಿಕೆಯ ತುಣುಕು

ಲೇಖಕರ ಬಳಿಯೇ ಇಲ್ಲದ ಮೊದಲ ಮುದ್ರಣ ಯಾವುದೋ ಊರಿನ ಓದುಗರ ಕಪಾಟಿನಲ್ಲಿರುತ್ತದೆ. ಕೇಳಿದರೆ ಸಂತೋಷದಿಂದ ಕಳಿಸುತ್ತಾರೆ, ಆದರೆ ಹೇಗೆ ಕಳಿಸಬೇಕೆಂದು ಹೇಳಿ. ಸ್ಕ್ಯಾನರ್ ಇದ್ದರೆ 300 ಡಿಪಿಐ. ಫೋನಾದರೆ ಪುಸ್ತಕವನ್ನು ನೆಲದ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ನೇರ ಮೇಲಿನಿಂದ ತೆಗೆಯಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಹಾಗೇ ಬರುತ್ತದೆ. ಶೀರ್ಷಿಕೆ ಪುಟದ ಹಿಂದಿನ ಪುಟದ ಚಿತ್ರವನ್ನೂ ಕೇಳಿ. ಪ್ರಕಾಶಕರು, ವರ್ಷ, ಮುಖಪುಟ ಕಲಾವಿದರ ಹೆಸರು, ಅಂದಿನ ಬೆಲೆ ಎಲ್ಲ ಇರುವುದು ಅಲ್ಲೇ.

ಅಂದಹಾಗೆ, ‘ಮುಖಪುಟ ಸರಿಯಿಲ್ಲ’ ಎಂಬ ಉತ್ತರ ಬಂದರೆ ಪುಸ್ತಕದ ಮುಖಪುಟವೋ ತಾಣದ ಮುಖಪುಟವೋ ಎಂದು ಕೇಳಿಕೊಳ್ಳಿ. ಪುಸ್ತಕದ್ದಾದರೆ ಕಲಾವಿದರಿಗೆ ಸುದ್ದಿ ಮುಟ್ಟಿಸುವ ಅಗತ್ಯವಿಲ್ಲ.

ಹಕ್ಕಿನ ವಿಷಯದಲ್ಲಿ ಸಡಿಲ ಬೇಡ. ಫೋಟೊ ಕಳಿಸಿದವರೆಲ್ಲ ಅದನ್ನು ತೆಗೆದವರಲ್ಲ. ತೆಗೆದವರು ಯಾರು ಎಂದು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಚಿತ್ರದ ಕೆಳಗೆ ಹೆಸರು ಹಾಕಿ. ಪತ್ರಿಕೆಯ ವಿಮರ್ಶೆಯನ್ನು ಇಡಿಯಾಗಿ ಹಾಕುವ ಬದಲು ಎರಡು ಸಾಲು ಉದ್ಧರಿಸಿ, ಪತ್ರಿಕೆಯ ಹೆಸರು, ದಿನಾಂಕ ಕೊಡಿ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. ಹಾಗಾಗಿ ತಂದೆಯ ಹೆಸರಿನ ತಾಣ ನಡೆಸುವ ಮಕ್ಕಳು ಕೂಡ ‘ಹಳೆಯದಲ್ಲವೇ’ ಎಂದು ಇಡೀ ಪುಸ್ತಕ ಬೆರಳಚ್ಚು ಮಾಡಿಸುವ ಮೊದಲು ಪ್ರಕಾಶಕರ ಜೊತೆಗಿನ ಒಪ್ಪಂದ ತೆಗೆದು ನೋಡಬೇಕು.

ಬಂದದ್ದನ್ನು ಏನು ಮಾಡುವುದು

ಒಂದು ಹಾಳೆ ಸಾಕು. ಕಲಂಗಳು: ದಿನಾಂಕ, ಯಾವ ಪುಟ, ಏನಾಯಿತು, ಯಾವ ಫೋನು, ಎಷ್ಟು ಜನ ಹೇಳಿದರು, ಯಾವಾಗ ಸರಿಯಾಯಿತು. ಹೇಳಿದವರ ಹೆಸರು, ನಂಬರ್ ಬೇರೆ ಕಡೆ ಇರಲಿ. ತಾಣ ಮಾಡುವವರಿಗೆ ಕಳಿಸುವ ಹಾಳೆಯಲ್ಲಿ ಅವು ಬೇಡ.

ತಿದ್ದುವ ಕ್ರಮ ಹೀಗಿರಲಿ: ಓದಲಾಗದ್ದು ಮೊದಲು, ಸಿಗದದ್ದು ಆಮೇಲೆ, ತಪ್ಪು ಮಾಹಿತಿ ಅದರ ನಂತರ, ಚಂದ ಕಡೆಗೆ. ‘ಒತ್ತಕ್ಷರ ಕತ್ತರಿಸಿದೆ’ ಎಂದು ಒಬ್ಬರೇ ಹೇಳಿದ್ದರೂ ಸರಿಮಾಡಿ, ಅದು ಕಣ್ಣಿಗೆ ಕಾಣುವ ಸತ್ಯ. ‘ಹಸಿರು ಬಣ್ಣ ಬೇಡ, ನೀಲಿ ಮಾಡಿ’ ಎಂದು ಮೂವರು ಹೇಳಿದರೂ ಅದು ರುಚಿಯ ಮಾತು. ನಾಲ್ಕನೆಯವರು ಕೆಂಪು ಕೇಳುತ್ತಾರೆ. ಬಣ್ಣದಲ್ಲಿ ನೋಡಬೇಕಾದದ್ದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರವನ್ನು. ಜಾಲತಾಣಗಳ ಸುಲಭಬಳಕೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1 ಅನುಪಾತ ಕೇಳುತ್ತದೆ. ತಿಳಿ ಬೂದು ಅಕ್ಷರ ಬಿಳಿಯ ಮೇಲಿದ್ದರೆ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ‘ಪೂರ್ತಿ ಹೊಸದಾಗಿ ಮಾಡಿಸಿ’ ಎಂಬ ಸಲಹೆಯೂ ಬರುತ್ತದೆ, ಸಾಮಾನ್ಯವಾಗಿ ತಾಣ ಮಾಡಿಕೊಡುವ ಕಂಪನಿ ಇರುವವರಿಂದ.

ಒಂದು ವಾರದೊಳಗೆ ಪ್ರತಿಯೊಬ್ಬರಿಗೂ ಉತ್ತರ ಹೋಗಲಿ. ಬರೀ ‘ಧನ್ಯವಾದ’ ಬೇಡ. ‘ನೀವು ಹೇಳಿದ ಬೆಲೆಯ ವಿಷಯ ಸರಿಮಾಡಿದ್ದೇವೆ, ಈಗ ಪುಸ್ತಕದ ಹೆಸರಿನ ಕೆಳಗೇ ಇದೆ, ಒಮ್ಮೆ ನೋಡುತ್ತೀರಾ?’ ಎಂದು ಅದೇ ಪುಟದ ಕೊಂಡಿ ಕಳಿಸಿ. ತಿದ್ದಿದ್ದು ನಿಮ್ಮ ಫೋನಿನಲ್ಲಿ ಸರಿ ಕಾಣುತ್ತದೆ ಎಂದರೆ ಸಾಲದು, ಕೆಟ್ಟು ಕಂಡ ಫೋನಿನಲ್ಲೇ ಸರಿ ಕಾಣಬೇಕು. ಅಲ್ಲಿ ಇನ್ನೂ ಹಳೆಯದೇ ಬರುತ್ತಿದ್ದರೆ ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ ಇರಬಹುದು. ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆಯಲು ಹೇಳಿ. ವಾಟ್ಸ್‌ಆ್ಯಪ್‌ನ ಮುನ್ನೋಟವೂ ಸ್ವಲ್ಪ ದಿನ ಹಳೆಯ ಚಿತ್ರವನ್ನೇ ತೋರಿಸಬಹುದು, ಅದಕ್ಕಾಗಿ ಮತ್ತೆ ಮತ್ತೆ ತಿದ್ದುತ್ತ ಕೂರಬೇಡಿ.

ನೆರವಾದವರ ಹೆಸರುಗಳನ್ನು ತಾಣದಲ್ಲಿ ಹಾಕುವ ಮನಸ್ಸಿದ್ದರೆ, ಹಾಕುವ ಮೊದಲು ಒಬ್ಬೊಬ್ಬರನ್ನೂ ಕೇಳಿ. ಬೇಡ ಎನ್ನುವವರು ಇರುತ್ತಾರೆ. ಹಾಕಿ ಎನ್ನುವವರ ಹೆಸರಿನಲ್ಲಿ ಅಕ್ಷರ ತಪ್ಪದಿರಲಿ, ಇನಿಷಿಯಲ್ ಹೆಸರಿನ ಹಿಂದೆ ಬರುತ್ತದೋ ಮುಂದೆ ಬರುತ್ತದೋ ಎಂಬುದನ್ನೂ ಅವರನ್ನೇ ಕೇಳಿ ಬರೆಯಿರಿ.